ಎಂಜಿನ್ನಿನ ಥ್ರೆಡ್ ಹೋದರೆ ಲೇತ್‌ನಲ್ಲಿ ಕಡೆದ ಬುಶ್ ಕೂರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೋಲ್ಟ್ ಬಿಗಿ ಮಾಡುವಾಗ ಕೈಯಲ್ಲಿದ್ದ ಪಾನಾ ಇದ್ದಕ್ಕಿದ್ದಂತೆ ಹಗುರಾಯಿತು ಅಂದರೆ ಥ್ರೆಡ್ ಹೋಯಿತು ಅಂತಲೇ ಲೆಕ್ಕ. ಆಮೇಲೆ ಬೋಲ್ಟ್ ಸುಮ್ನೆ ಸುತ್ತುತ್ತದೆ, ಎಲ್ಲೂ ಕೂರುವುದಿಲ್ಲ. ಬಿಚ್ಚಿ ನೋಡಿದರೆ ಅದರ ಮೈಗೆ ಬೆಳ್ಳಿ ಬಣ್ಣದ ತೆಳು ಸುರುಳಿ ಸುತ್ತಿಕೊಂಡಿರುತ್ತದೆ. ಎಂಜಿನ್ನಿನ ಒಳಗಿದ್ದ ಅಲ್ಯೂಮಿನಿಯಂ ಥ್ರೆಡ್ ಅದೇ.

ಬೋಲ್ಟ್ ಉಕ್ಕಿನದು, ಎಂಜಿನ್ ಮೈ ಅಲ್ಯೂಮಿನಿಯಂ. ಎರಡಕ್ಕೂ ಜಗಳ ಬಿದ್ದರೆ ಸೋಲುವುದು ಅಲ್ಯೂಮಿನಿಯಮ್ಮೇ. ಜಾಸ್ತಿ ಬಿಗಿ ಮಾಡಿದ್ದು, ಓರೆಯಾಗಿ ಹಿಡಿಸಿದ ಬೋಲ್ಟನ್ನು ಪಾನಾ ಹಾಕಿ ನೂಕಿದ್ದು, ತೇವ ಸೇರಿ ಎರಡು ಲೋಹ ಕಚ್ಚಿಕೊಂಡಿದ್ದು, ಬಿಸಿ ಎಂಜಿನ್ನಿನಲ್ಲೇ ಸ್ಪಾರ್ಕ್ ಪ್ಲಗ್ ಬಿಚ್ಚಿದ್ದು: ಕಾರಣ ಸಾಮಾನ್ಯವಾಗಿ ಇವುಗಳಲ್ಲೇ ಒಂದು.

ಇದಕ್ಕೆ ಗಟ್ಟಿ ಪರಿಹಾರ ಅಂದರೆ ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಒಳಗೂ ಹೊರಗೂ ಥ್ರೆಡ್ ಇರುವ ಲೋಹದ ಬುಶ್ ಕೂರಿಸುವುದು. ಕೆಲಸ ಕೆಟ್ಟಿತು ಅಂದರೆ ಬುಶ್ ಮುರಿದು ಕೆಟ್ಟಿರುವುದು ಕಡಿಮೆ. ಹೆಚ್ಚಿನ ಕಡೆ ತೂತು ಓರೆಯಾಗಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕತ್ತರಿಸುವ ಟೂಲ್) ಹೊಡೆಯುವುದಕ್ಕಿಂತ ಅಳತೆ ಮತ್ತು ಕೆಲಸಕ್ಕೆ ನಿಲ್ಲಿಸುವ ಬಗ್ಗೆಯೇ ಜಾಸ್ತಿ ಹೇಳಿದ್ದೇನೆ.

ಡ್ರಿಲ್ ಮುಟ್ಟುವ ಮೊದಲು

ಮೊದಲ ಪ್ರಶ್ನೆ: ಬುಶ್ ನಿಜಕ್ಕೂ ಬೇಕಾ? ತೂತಿನ ಆಳವನ್ನು ವರ್ನಿಯರ್‌ನ ಹಿಂದಿನ ಕಡ್ಡಿಯಿಂದ ಅಳೆಯಿರಿ. ಹಳೆ ಬೋಲ್ಟ್ ಎಷ್ಟು ಒಳಗೆ ಹೋಗುತ್ತಿತ್ತು ಅಂತಲೂ ನೋಡಿ. ಎಷ್ಟೋ ಸಲ ಬೋಲ್ಟ್ ಮುಟ್ಟದ ನಾಲ್ಕೈದು ಥ್ರೆಡ್ ಕೆಳಗೆ ಹಾಗೇ ಉಳಿದಿರುತ್ತವೆ. ಕವರ್ ಬೋಲ್ಟ್ ಆದರೆ ಸ್ವಲ್ಪ ಉದ್ದದ ಬೋಲ್ಟ್ ಹಾಕಿದರೆ ಅಷ್ಟಕ್ಕೇ ಕೆಲಸ ಮುಗಿಯಬಹುದು. ಮೇಲಿನ ಒಂದೆರಡು ಥ್ರೆಡ್ ಮಾತ್ರ ಮಡಚಿದ್ದರೆ ಥ್ರೆಡ್ ಚೇಸರ್ (ಮಡಚಿದ ಥ್ರೆಡ್ಡನ್ನು ಸರಿ ಮಾಡುವ ಟೂಲ್) ಆಡಿಸಿದರೆ ಸಾಕು. ಅದಕ್ಕೆ ಕತ್ತರಿಸುವ ಟ್ಯಾಪ್ ಬಳಸಬೇಡಿ. ಉಳಿದ ಲೋಹವನ್ನೂ ಅದು ಕೆರೆದು ತೆಗೆಯುತ್ತದೆ.

ಬುಶ್ ಬೇಕೇ ಬೇಕು ಅಂತ ಗೊತ್ತಾದ ಮೇಲೆ ಪಿಚ್, ಅಂದರೆ ಅಕ್ಕಪಕ್ಕದ ಎರಡು ಥ್ರೆಡ್ಡಿನ ನಡುವಿನ ಅಂತರ ನೋಡಿ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಆಯಿಲ್ ಬಿಡುವ ಬೋಲ್ಟ್ ಎಂ12×1.5 (12 ಮಿಲಿಮೀಟರ್ ವ್ಯಾಸ, 1.5 ಮಿಲಿಮೀಟರ್ ಪಿಚ್) ಇರಬಹುದು, ಎಂ12×1.25 ಕೂಡ ಇರಬಹುದು, ಎಂ14×1.5 ಸಹ ಸಿಗುತ್ತದೆ. ಪ್ಲಗ್ ಆದರೆ ಎಂ10×1.0, ಎಂ12×1.25 ಅಥವಾ ಎಂ14×1.25. ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ಸಂದಿನಲ್ಲಿ ಬೆಳಕು ಕಾಣಬಾರದು.

ಆಮೇಲೆ ತೂತಿನ ಸುತ್ತ ಎಷ್ಟು ಲೋಹ ಇದೆ ನೋಡಿ. ಬುಶ್ಶಿಗೆ ಜಾಗ ಇದೆಯೋ ಇಲ್ಲವೋ ತೀರ್ಮಾನ ಆಗುವುದು ಇಲ್ಲೇ. ಒಳಗೆ ಎಂ6 ಇರುವ, ಹೊರಗೆ ಎಂ10×1.0 ಇರುವ ಬುಶ್ಶಿಗೆ ಗೋಡೆ ಸುಮಾರು 1.4 ಮಿಲಿಮೀಟರ್ ದಪ್ಪ ಸಿಗುತ್ತದೆ. ಬುಶ್ ಏನೋ ಗಟ್ಟಿ. ಆದರೆ ಕವರ್ ಬೋಲ್ಟ್ ಕೂರುವ ದಿಮ್ಮಿಯೇ 12 ಮಿಲಿಮೀಟರ್ ದಪ್ಪ ಇದ್ದರೆ? ಬುಶ್ಶಿನ ಸುತ್ತ ಉಳಿಯುವುದು ಒಂದೇ ಮಿಲಿಮೀಟರ್ ಅಲ್ಯೂಮಿನಿಯಂ. ಬಿಗಿ ಮಾಡಿದ ದಿನವೇ ಬಿರುಕು ಬಿಡುತ್ತದೆ. ಅಂಥ ಕಡೆ ಸ್ಪ್ರಿಂಗ್ ಥರದ ತಂತಿ ಇನ್ಸರ್ಟೇ ಸರಿ. ಹೆಲಿಕಾಯ್ಲ್ ಅಂತ ಕರೆಯುವುದು ಇದನ್ನೇ. ಎಂ6ಗೆ 6.3 ಮಿಲಿಮೀಟರ್ ಡ್ರಿಲ್ ಸಾಕು, ಹೊರಗಿನ ಥ್ರೆಡ್ ಸುಮಾರು 7.3ಕ್ಕೆ ನಿಲ್ಲುತ್ತದೆ. ಟೈಮ್-ಸರ್ಟ್ ಥರದ ತೆಳು ಗೋಡೆಯ ರೆಡಿಮೇಡ್ ಬುಶ್ ಕೂಡ ಆಗುತ್ತದೆ. ಕಡೆದ ಬುಶ್ ಹಾಕಿಯೇ ತೀರಬೇಕು ಅನ್ನುವ ಹಟ ಬೇಡ.

ಕಡೆದ ಬುಶ್ ಗೆಲ್ಲುವುದು ಪ್ಲಗ್ ತೂತಿನಲ್ಲಿ, ಆಯಿಲ್ ಬೋಲ್ಟಿನಲ್ಲಿ, ಸಿಲಿಂಡರ್ ಸ್ಟಡ್ಡಿನಲ್ಲಿ (ತಲೆ ಇಲ್ಲದ ಬೋಲ್ಟ್), ಮತ್ತು ಒಮ್ಮೆ ಇನ್ಸರ್ಟ್ ಹಾಕಿ ಅದೂ ಕಿತ್ತುಬಂದು ಅಗಲವಾದ ತೂತಿನಲ್ಲಿ. ಎಂ8 ಸ್ಟಡ್ಡಿಗೆ ಹೊರಗೆ ಎಂ12 ಇರುವ ಬುಶ್ ಹಾಕಿದರೆ, ಅದೇ ಉದ್ದಕ್ಕೆ ಅಲ್ಯೂಮಿನಿಯಂ ಹಿಡಿತ ಸುಮಾರು ಒಂದೂವರೆ ಪಟ್ಟಾಗುತ್ತದೆ. ಅಂದರೆ ಹೊಸ ಎಂಜಿನ್ನಿನಲ್ಲಿ ಇದ್ದುದಕ್ಕಿಂತ ಗಟ್ಟಿ.

ಕೆಳಗೆ ಆಯಿಲ್ ದಾರಿ, ನೀರಿನ ದಾರಿ ಇದೆಯಾ ಅಂತ ಸರ್ವೀಸ್ ಮ್ಯಾನ್ಯುಯಲ್ ಚಿತ್ರದಲ್ಲಿ ನೋಡಿಕೊಳ್ಳಿ. ಕವರ್ ಮೆಗ್ನೀಸಿಯಂ ಆಗಿದ್ದರೆ ಇನ್ನೊಂದು ಎಚ್ಚರ: ಅದರ ಸಣ್ಣ ಚೂರು ಬೆಂಕಿ ಹಿಡಿಯುತ್ತದೆ, ನೀರು ಹಾಕಿದರೆ ಇನ್ನೂ ಉರಿಯುತ್ತದೆ. ಒಣ ಮರಳು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿ.

ಅಳತೆ ಮತ್ತು ಲೋಹ

ಹೊರಗಿನ ಥ್ರೆಡ್ಡಿಗೆ ಸಣ್ಣ ಪಿಚ್ ಆರಿಸಿ, ಗೋಡೆ ದಪ್ಪ ಉಳಿಯುತ್ತದೆ. ಎಂ6 ಬುಶ್ಶಿಗೆ ಹೊರಗೆ ಎಂ10×1.0 ಇಟ್ಟರೆ ಎಂಜಿನ್ ಮೈಯಲ್ಲಿ 9 ಮಿಲಿಮೀಟರ್ ಡ್ರಿಲ್. ಎಂ8ಕ್ಕೆ ಎಂ12×1.25, ಡ್ರಿಲ್ 10.8. ಎಂ12 ಆಯಿಲ್ ಬೋಲ್ಟಿಗೆ ಎಂ16×1.5, ಡ್ರಿಲ್ 14.5. ಎಂ14 ಪ್ಲಗ್ಗಿಗೆ ಎಂ18×1.5, ಡ್ರಿಲ್ 16.5. ಕೊನೆಯ ಎರಡರಲ್ಲೂ ಬುಶ್ ಗೋಡೆ ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ ಅಷ್ಟೇ. ಅದಕ್ಕಿಂತ ತೆಳುವಾದರೆ ಕೂರಿಸುವಾಗಲೇ ತಿರುಚಿಕೊಳ್ಳುತ್ತದೆ.

ಲೋಹದ ವಿಷಯಕ್ಕೆ ಬಂದರೆ ಬಿಸಿಗೆ ಹಿಗ್ಗುವ ಲೆಕ್ಕ ನೋಡಬೇಕು. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಹಿತ್ತಾಳೆ 19, ಸಾಮಾನ್ಯ ಸ್ಟೇನ್‌ಲೆಸ್ 17, ಮೆತ್ತನೆ ಉಕ್ಕು 12. ಈಗ 18 ಮಿಲಿಮೀಟರ್ ಬುಶ್, ಬಿಸಿ 150 ಡಿಗ್ರಿ ಏರಿತು ಅಂದುಕೊಳ್ಳಿ. ಉಕ್ಕಿನ ಬುಶ್ ಆದರೆ ಸುತ್ತಲಿನ ಅಲ್ಯೂಮಿನಿಯಂ ಅದಕ್ಕಿಂತ 0.03 ಮಿಲಿಮೀಟರ್ ಜಾಸ್ತಿ ಅಗಲವಾಗುತ್ತದೆ. ಹಿತ್ತಾಳೆ ಆದರೆ 0.01 ಮಾತ್ರ. ಕೇಳಲು ಚಿಕ್ಕದು. ಆದರೆ ಪ್ರತಿ ಸಲ ಎಂಜಿನ್ ಬಿಸಿಯಾದಾಗಲೂ ಹಿಡಿತ ಅಷ್ಟು ಸಡಿಲ ಆಗುತ್ತದೆ.

ಅದಕ್ಕೇ ಪ್ಲಗ್ಗಿಗೆ ನನ್ನ ಆಯ್ಕೆ ಅಲ್ಯೂಮಿನಿಯಂ ಬ್ರಾಂಜ್ ಅಥವಾ ಫಾಸ್ಫರ್ ಬ್ರಾಂಜ್. ಹಿಗ್ಗುವುದರಲ್ಲಿ ಅವು ಹಿತ್ತಾಳೆಗೆ ಹತ್ತಿರ, ಬಿಸಿಯಲ್ಲಿ ಹಿತ್ತಾಳೆಗಿಂತ ಗಟ್ಟಿ, ಪ್ಲಗ್ಗಿನ ಬಿಸಿಯನ್ನು ಸ್ಟೇನ್‌ಲೆಸ್‌ಗಿಂತ ಚೆನ್ನಾಗಿ ಸಿಲಿಂಡರ್ ಹೆಡ್ಡಿಗೆ ದಾಟಿಸುತ್ತವೆ. ಸ್ಟಡ್ಡಿಗೆ ಉಕ್ಕು ಸರಿ, ಅಲ್ಲಿ ಎಳೆತವೇ ಮುಖ್ಯ. ಆಯಿಲ್ ಬೋಲ್ಟಿಗೆ ಸ್ಟೇನ್‌ಲೆಸ್ ಚೆನ್ನ. ಆದರೆ ಸ್ಟೇನ್‌ಲೆಸ್ ಬುಶ್ಶಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಬೇಡಿ. ಒಂದನ್ನೊಂದು ಕಚ್ಚಿಕೊಂಡರೆ ಬೋಲ್ಟಿನ ಜೊತೆ ಬುಶ್ಶೂ ಹೊರಗೆ ಬರುತ್ತದೆ.

ಲೇತ್ ಕೆಲಸ

ಎಂ14×1.25 ಪ್ಲಗ್, 19 ಮಿಲಿಮೀಟರ್ ಥ್ರೆಡ್ ಉದ್ದದ್ದು, ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಬುಶ್ಶಿನ ತಲೆಯಲ್ಲಿ ಒಂದೂವರೆ ಮಿಲಿಮೀಟರ್ ದಪ್ಪದ ಕಾಲರ್ (ಹೊರಗೆ ಚಾಚಿದ ಅಂಚು) ಇರಲಿ. ಕಾಲರ್ ಇದ್ದರೆ ಬುಶ್ ಒಂದೇ ಆಳದಲ್ಲಿ ನಿಲ್ಲುತ್ತದೆ, ಗ್ಯಾಸ್ ಸೋರುವುದಿಲ್ಲ, ಪ್ಲಗ್ ವಾಷರ್ ಕೂರಲು ಹೊಸ ಜಾಗವೂ ಆಗುತ್ತದೆ. ವಾಷರ್ ಅಗಲ ಅಳೆದು ಕಾಲರನ್ನು ಅದಕ್ಕಿಂತ ತುಸು ಅಗಲ ಮಾಡಿ. ವಾಷರ್ ಅರ್ಧ ಕಾಲರ್ ಮೇಲೆ, ಅರ್ಧ ಅಲ್ಯೂಮಿನಿಯಂ ಮೇಲೆ ಕೂರಬಾರದು. ಕಾಲರ್ ಮೇಲಿನ ಮುಖ ಹಳೆಯ ಪ್ಲಗ್ ಸೀಟಿನ ಮಟ್ಟಕ್ಕೇ ಬರಬೇಕು. ಒಂದು ಮಿಲಿಮೀಟರ್ ಮೇಲೆ ನಿಂತರೂ ಪ್ಲಗ್ ಅಷ್ಟೇ ಹಿಂದೆ ಸರಿಯುತ್ತದೆ, ಕಿಡಿ ತೂತಿನ ಒಳಗೇ ಹುದುಗುತ್ತದೆ.

ಬುಶ್ಶಿನ ಒಟ್ಟು ಉದ್ದವನ್ನು ಪ್ಲಗ್ಗಿನಿಂದ ತೆಗೆದುಕೊಳ್ಳಬೇಡಿ, ಹೆಡ್ಡಿನಿಂದ ತೆಗೆದುಕೊಳ್ಳಿ. ಸೀಟಿನಿಂದ ಕಂಬಶ್ಚನ್ ಚೇಂಬರ್ ಮುಖದವರೆಗೆ ಎಷ್ಟಿದೆಯೋ ಅದಕ್ಕಿಂತ 0.2 ಮಿಲಿಮೀಟರ್ ಕಡಿಮೆ ಇಡಿ. ಚೇಂಬರ್ ಒಳಗೆ ಬುಶ್ ಚಾಚಿಕೊಂಡರೆ ಆ ಅಂಚು ಕೆಂಡದಂತೆ ಕಾಯುತ್ತದೆ, ಕಿಡಿ ಬೀಳುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ.

ಒಳ ಥ್ರೆಡ್, ಹೊರ ಥ್ರೆಡ್, ಕಾಲರ್‌ನ ಅಡಿಮುಖ, ಈ ಮೂರೂ ಒಂದೇ ಹಿಡಿತದಲ್ಲಿ ಆಗಬೇಕು. ಮಧ್ಯೆ ಚಕ್ಕಿನಿಂದ ಬಿಚ್ಚಿ ತಿರುಗಿಸಿ ಹಿಡಿದರೆ ನಡು ಸರಿದೇ ಸರಿಯುತ್ತದೆ. ಮೊದಲು ಮುಖ ಸಮ ಮಾಡಿ, ಹೊರಮೈಯನ್ನು 17.9ಕ್ಕೆ ಇಳಿಸಿ. ಕಾಲರ್‌ನ ಬುಡದಲ್ಲಿ 2 ಮಿಲಿಮೀಟರ್ ಅಗಲದ ತೋಡು ತೆಗೆಯಿರಿ. ಅದಿಲ್ಲದಿದ್ದರೆ ಥ್ರೆಡ್ ಕಾಲರ್‌ವರೆಗೆ ಮುಗಿಯುವುದಿಲ್ಲ, ಬುಶ್ ಪೂರ್ತಿ ಕೂರುವುದಿಲ್ಲ. ಆಮೇಲೆ 12.8 ಡ್ರಿಲ್ ಹಾಕಿ, ಟೇಲ್‌ಸ್ಟಾಕ್‌ನಲ್ಲಿ ಆಧಾರ ಕೊಟ್ಟು ಎಂ14×1.25 ಟ್ಯಾಪ್ ಹೊಡೆಯಿರಿ. ಹೊರಗಿನ ಥ್ರೆಡ್ ಕೊನೆಗೆ, ಸಿಂಗಲ್ ಪಾಯಿಂಟ್ ಟೂಲಿನಲ್ಲಿ. ಆಳ ಒಂದು ಕಡೆಗೆ ಸುಮಾರು 0.92 ಮಿಲಿಮೀಟರ್ ಬರುತ್ತದೆ.

ಈ ಕೊನೆಯ ಕಟ್ ಹಾಕುವ ಮೊದಲು ಒಂದು ಅಲ್ಯೂಮಿನಿಯಂ ತುಂಡಿಗೆ, ಹೆಡ್ಡಿಗೆ ಬಳಸಲಿರುವ ಅದೇ ಟ್ಯಾಪ್ ಹೊಡೆದು ಪಕ್ಕದಲ್ಲಿಟ್ಟುಕೊಳ್ಳಿ. ಇದೇ ನಿಮ್ಮ ಗೇಜ್. ಪ್ರತಿ ಕಟ್ ಆದ ಮೇಲೆ ಬುಶ್ಶಿಗೆ ಅದನ್ನು ತಿರುಗಿಸಿ ನೋಡಿ. ಬೆರಳಿನಲ್ಲಿ ಹೋಗಬೇಕು, ಆದರೆ ತುಸು ಬಿಗಿ ಅನ್ನಿಸಬೇಕು. ಅಲ್ಲಾಡಿಸಿದರೆ ಟಕ್ ಟಕ್ ಅಂದರೆ ಆ ಬುಶ್ ಪಕ್ಕಕ್ಕಿಟ್ಟು ಹೊಸದು ಶುರು ಮಾಡಿ. ಸಡಿಲ ಬುಶ್ಶನ್ನು ಯಾವ ಅಂಟೂ ಉಳಿಸುವುದಿಲ್ಲ.

ತೂತನ್ನು ನೆಟ್ಟಗೆ ದೊಡ್ಡದು ಮಾಡುವುದು

ಪ್ಲಗ್ ಕೆಲಸಕ್ಕೆ ಹೆಡ್ ಬಿಚ್ಚಲೇಬೇಕು ಅಂತ ನನ್ನ ಅಭಿಪ್ರಾಯ. ಟ್ಯಾಪಿಗೆ ಗ್ರೀಸ್ ಬಳಿದು, ಹೆಡ್ ಇದ್ದ ಹಾಗೇ ಕೆಲಸ ಮುಗಿಸುವವರಿದ್ದಾರೆ. ಗ್ರೀಸ್ ಹೆಚ್ಚಿನ ಚೂರು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ. ಉಳಿದ ಒಂದು ಚೂರು ಸಿಲಿಂಡರ್ ಗೋಡೆಯಲ್ಲಿ ಗೀರು ಹಾಕಲು ಸಾಕು. ಜೊತೆಗೆ, ತೆರೆದಿರುವ ವಾಲ್ವಿಗೆ ಡ್ರಿಲ್ ತಾಗಿದರೆ ರಿಪೇರಿ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಬಿಚ್ಚಿದ ಹೆಡ್ಡನ್ನು ಗ್ಯಾಸ್ಕೆಟ್ ಮುಖದ ಮೇಲೆ ಮಲಗಿಸಿ ಡ್ರಿಲ್ ಹಾಕಿದರೆ ತೂತು ಓರೆ ಆಗುತ್ತದೆ. ಪ್ಲಗ್ ಸಾಮಾನ್ಯವಾಗಿ ಓರೆಯಾಗಿಯೇ ನಿಂತಿರುತ್ತದೆ, ಗ್ಯಾಸ್ಕೆಟ್ ಮುಖಕ್ಕೆ ನೇರ ಅಲ್ಲ. ನಂಬಬೇಕಾದ ಮುಖ ಪ್ಲಗ್ ಸೀಟ್. ಅದು ಪ್ಲಗ್ಗಿನ ನಡುಗೆರೆಗೆ ಸರಿಯಾಗಿ ಅಡ್ಡ ಇರುತ್ತದೆ. ಮಿಲ್ಲಿಂಗ್ ಯಂತ್ರದ ಸ್ಪಿಂಡಲ್ಲಿಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆಯನ್ನು ಸೀಟಿನ ಮೇಲೆ ಇಟ್ಟು, ಸ್ಪಿಂಡಲ್ ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಮುಳ್ಳು ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದರೆ, ಇಳಿದ ಕಡೆ ಅಡಿಯಲ್ಲಿ ತೆಳು ಪಟ್ಟಿ ತೂರಿಸಿ ಮತ್ತೆ ಸುತ್ತಿಸಿ. ಸುತ್ತಿನಲ್ಲಿ 0.05 ಮಿಲಿಮೀಟರಿಗಿಂತ ಕಡಿಮೆ ಆಡುವವರೆಗೆ ಬಿಡಬೇಡಿ. ಕ್ಲಾಂಪ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ, ಬಿಗಿ ಮಾಡುವಾಗಲೇ ಅದು ಸರಿದಿರುತ್ತದೆ. ಬೇಸರದ ಕೆಲಸ, ಆದರೆ ಇಡೀ ರಿಪೇರಿ ನಿಂತಿರುವುದು ಇದರ ಮೇಲೆಯೇ.

ಓರೆ ಸರಿಯಾದ ಮೇಲೆ ನಡು ಹುಡುಕಿ. ಮೇಲಿನ ಥ್ರೆಡ್ ಕಿತ್ತು ಮೊಟ್ಟೆಯಾಕಾರ ಆಗಿರಬಹುದು, ಅದನ್ನು ನಂಬಬೇಡಿ. ಚೇಂಬರ್ ಕಡೆ ಒಂದೆರಡು ಒಳ್ಳೆ ಥ್ರೆಡ್ ಇದ್ದರೆ ಅವುಗಳ ತುದಿಯ ಮೇಲೆ ಗೇಜ್ ಆಡಿಸಿ. ಅದೂ ಇಲ್ಲದಿದ್ದರೆ ಸೀಟಿನ ಹೊರ ಅಂಚಿನಿಂದ ನಡು ತೆಗೆಯಬಹುದು.

ಇಲ್ಲಿಂದ ಮುಂದೆ ಟೇಬಲ್ ಅಲುಗಿಸುವಂತಿಲ್ಲ. ಡ್ರಿಲ್, ಕಾಲರ್ ಕೂರುವ ಕೌಂಟರ್‌ಬೋರ್, ಟ್ಯಾಪ್, ಎಲ್ಲವೂ ಅದೇ ಜಾಗದಲ್ಲಿ, ಟೂಲ್ ಮಾತ್ರ ಬದಲಿಸುತ್ತಾ.

ಎರಡು ತೋಡಿನ ಸಾಮಾನ್ಯ ಡ್ರಿಲ್ ಹಳೆ ತೂತನ್ನು ಹಿಂಬಾಲಿಸುತ್ತದೆ, ನಡುಗುತ್ತದೆ, ಮೂರು ಮೂಲೆಯ ತೂತು ಮಾಡುತ್ತದೆ. ಬೋರಿಂಗ್ ಹೆಡ್ (ಸ್ಪಿಂಡಲ್ಲಿಗೆ ಹಾಕಿ ತೂತು ಅಗಲ ಮಾಡುವ ಟೂಲ್) ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಮೂರು ಅಥವಾ ನಾಲ್ಕು ತೋಡಿನ ಕೋರ್ ಡ್ರಿಲ್ ಬಳಸಿ, ನಿಮಿಷಕ್ಕೆ 500 ಸುತ್ತಿನ ಆಸುಪಾಸಿನಲ್ಲಿ, ಸೀಮೆಎಣ್ಣೆ ಹಾಕುತ್ತಾ. ಅಲ್ಯೂಮಿನಿಯಂ ಟೂಲಿನ ಅಂಚಿಗೆ ಅಂಟಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಕೌಂಟರ್‌ಬೋರ್ ಆಳ ಕಾಲರ್ ದಪ್ಪದಷ್ಟೇ ಇರಲಿ.

ಆಯಿಲ್ ಬೋಲ್ಟ್, ಕ್ರ್ಯಾಂಕ್‌ಕೇಸ್ ಸ್ಟಡ್ ಮುಂತಾದವನ್ನು ಯಂತ್ರದ ಮೇಲೆ ಇಡಲು ಆಗದಿದ್ದರೆ ಗೈಡ್ ಪ್ಲೇಟ್ ಮಾಡಿ. 15ರಿಂದ 20 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟಿಗೆ ಡ್ರಿಲ್ ಅಳತೆಯ ತೂತು ನೆಟ್ಟಗೆ ಹಾಕಿ. ಆ ತೂತಿನಲ್ಲಿ ಕೂರುವ, ತುದಿ ಮಾತ್ರ ಹಳೆ ತೂತಿಗೆ ಸರಿಹೊಂದುವ ಒಂದು ಪಿನ್ ಕಡೆಯಿರಿ. ಪಿನ್ ಇಟ್ಟು ಪ್ಲೇಟನ್ನು ಅಕ್ಕಪಕ್ಕದ ಬೋಲ್ಟ್ ತೂತುಗಳಿಗೆ ಅಥವಾ ಕ್ಲಾಂಪಿಗೆ ಬಿಗಿ ಮಾಡಿ. ಆಮೇಲೆ ಪಿನ್ ತೆಗೆದು ಅದೇ ತೂತಿನಿಂದ ಡ್ರಿಲ್ ಇಳಿಸಿ. ಬರೀ ಕೈ ಡ್ರಿಲ್ಲಿನಲ್ಲಿ ಕಣ್ಣಂದಾಜಿಗೆ ಹಾಕುವವರು ಬುಶ್ ಕೂರಿಸಿದ ಮೇಲೆ ಬೋಲ್ಟ್ ಓರೆ ನಿಂತಾಗ ಬುಶ್ಶನ್ನು ಬೈಯುತ್ತಾರೆ, ಅಲ್ವಾ?

ತಳ ಮುಚ್ಚಿದ ತೂತಾದರೆ ಡ್ರಿಲ್ಲಿಗೆ ಸ್ಟಾಪ್ ಕಾಲರ್ ಹಾಕಿ. ಟೇಪ್ ಸುತ್ತಿ ಗುರುತು ಮಾಡುವುದು ಬೇಡ, ಚೂರು ತಾಗಿ ಮೇಲಕ್ಕೆ ಸರಿಯುತ್ತದೆ.

ಟ್ಯಾಪ್

ಟ್ಯಾಪನ್ನು ಸ್ಪಿಂಡಲ್ ಚಕ್ಕಿನಲ್ಲೇ ಹಿಡಿದು, ಮೋಟಾರ್ ಹಾಕದೆ, ಚಕ್ಕನ್ನು ಕೈಯಿಂದ ತಿರುಗಿಸಿ. ಮೊದಲ ನಾಲ್ಕೈದು ಥ್ರೆಡ್ ಹೀಗೆ ನೆಟ್ಟಗೆ ಬಂದರೆ ಉಳಿದದ್ದನ್ನು ಟ್ಯಾಪ್ ಹಿಡಿಯಲ್ಲಿ ಮುಗಿಸಬಹುದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತಳ ಮುಚ್ಚಿದ ತೂತಿಗೆ ಕೊನೆಯಲ್ಲಿ ತಳದವರೆಗೆ ಕತ್ತರಿಸುವ ಬಾಟಮಿಂಗ್ ಟ್ಯಾಪ್. ಆಮೇಲೆ ಬ್ರೇಕ್ ಕ್ಲೀನರ್ ಹಾಕಿ, ಗಾಳಿ ಊದಿ, ಮತ್ತೆ ಹಾಕಿ. ಹತ್ತಿ ಕಡ್ಡಿ ಆಡಿಸಿದರೆ ಬೆಳ್ಳಗೇ ಹೊರಗೆ ಬರಬೇಕು. ಎಣ್ಣೆ ಉಳಿದರೆ ಥ್ರೆಡ್ ಲಾಕರ್ (ಥ್ರೆಡ್ಡಿಗೆ ಹಚ್ಚುವ ಅಂಟು) ಹಿಡಿಯುವುದಿಲ್ಲ.

ಬುಶ್ ಕೂರಿಸುವುದು

ಉದ್ದನೆಯ ಬೋಲ್ಟಿಗೆ ಒಂದು ನಟ್ ಹಾಕಿ, ಬೋಲ್ಟನ್ನು ಬುಶ್ಶಿನ ಒಳಗೆ ತಿರುಗಿಸಿ. ಬೋಲ್ಟಿಗೆ ಸ್ವಲ್ಪ ಎಣ್ಣೆ ಇರಲಿ, ಲಾಕರ್ ಒಳಗೆ ಸೋರಿದರೂ ಅಂಟುವುದಿಲ್ಲ. ನಟ್ಟನ್ನು ಕಾಲರ್ ಮೇಲೆ ಬಿಗಿ ಮಾಡಿದರೆ ಬೋಲ್ಟ್ ಮತ್ತು ಬುಶ್ ಒಂದೇ ತುಂಡಾಗುತ್ತವೆ. ಮೊದಲು ಒಣದಾಗಿ ಒಮ್ಮೆ ಕೂರಿಸಿ, ಕಾಲರ್ ಮಟ್ಟ, ಚೇಂಬರ್ ಕಡೆಯ ಮಟ್ಟ ಎರಡೂ ನೋಡಿ ಬಿಚ್ಚಿ.

ಸರಿ ಇದ್ದರೆ ಬುಶ್ಶಿನ ಹೊರಗಿನ ಥ್ರೆಡ್ಡಿಗೆ ಬಿಸಿ ತಾಳುವ ಥ್ರೆಡ್ ಲಾಕರ್ ಹಚ್ಚಿ. ಲಾಕ್‌ಟೈಟ್ 272 ಥರದ್ದು 230 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ತುದಿಯ ಎರಡು ಥ್ರೆಡ್ ಬಿಟ್ಟು ಹಚ್ಚಿ, ಇಲ್ಲದಿದ್ದರೆ ದ್ರವ ಮುಂದೆ ತಳ್ಳಿಕೊಂಡು ತೂತಿನ ತಳಕ್ಕೆ ಹೋಗುತ್ತದೆ. ಕಾಲರ್ ಕೂತ ಮೇಲೆ ಇನ್ನೊಂದಿಷ್ಟು ಬಿಗಿ ಮಾಡಿ. ಆಮೇಲೆ ಮೊದಲು ನಟ್ ಸಡಿಲಿಸಿ, ನಂತರ ಬೋಲ್ಟ್ ತೆಗೆಯಿರಿ. ಇದು ತಿರುಗು ಮುರುಗಾದರೆ ಬುಶ್ ಬೋಲ್ಟಿನ ಹಿಂದೆಯೇ ಎದ್ದುಬರುತ್ತದೆ. 24 ಗಂಟೆ ಮುಟ್ಟಬೇಡಿ.

ಪ್ಲಗ್ ಬುಶ್ಶಿಗೆ ಲಾಕರ್ ಒಂದನ್ನೇ ನಂಬಬಾರದು. ಚೇಂಬರ್ ಕಡೆಯಿಂದ ಬುಶ್ಶಿನ ಅಂಚಿನ ಮೂರು ಕಡೆ ಸೆಂಟರ್ ಪಂಚಿನಿಂದ ಒಂದೊಂದು ಏಟು ಕೊಡಿ, ಅಂಚು ಅಲ್ಯೂಮಿನಿಯಮ್ಮಿಗೆ ಕಚ್ಚಿಕೊಳ್ಳುತ್ತದೆ. ಏಟು ಒಳ ಥ್ರೆಡ್ಡಿಗೆ ಹತ್ತಿರ ಬೀಳದಿರಲಿ. ಆಯಿಲ್ ಬೋಲ್ಟಿನ ಬುಶ್ಶಿಗೆ ಕಾಲರ್ ಮತ್ತು ಲಾಕರ್ ಸಾಕು.

ಬಿಗಿ ಮಾಡುವುದು ಮತ್ತು ಪರೀಕ್ಷೆ

ಬುಶ್ ಬಂದಿದೆ ಅಂತ ಜಾಸ್ತಿ ಬಿಗಿ ಮಾಡುವ ಹಾಗಿಲ್ಲ. ಮ್ಯಾನ್ಯುಯಲ್ ಹೇಳಿದ ಟಾರ್ಕೇ ಇರಲಿ. ಅದು ಸಿಗದಿದ್ದರೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಎಂ10 ಪ್ಲಗ್ಗಿಗೆ 10ರಿಂದ 12 ನ್ಯೂಟನ್ ಮೀಟರ್, ಎಂ12ಕ್ಕೆ 15ರಿಂದ 20, ಎಂ14ಕ್ಕೆ 25ರಿಂದ 30. ಇದು ಒಣ ಥ್ರೆಡ್ಡಿನ ಲೆಕ್ಕ. ಗ್ರೀಸ್ ಹಚ್ಚಿದರೆ ಅದೇ ಟಾರ್ಕಿಗೆ ಎಳೆತ ಜಾಸ್ತಿ ಬೀಳುತ್ತದೆ. ಎಂ6 ಕವರ್ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದೆಯಾ ನೋಡದೆ ಬೋಲ್ಟ್ ತಿರುಗಿಸಬೇಡಿ. ಎಣ್ಣೆ ಕುಗ್ಗುವುದಿಲ್ಲ, ಕೇಸೇ ಸೀಳುತ್ತದೆ.

ಹೆಡ್ ಕೂರಿಸಿದ ಮೇಲೆ ಕಾಲರ್‌ನಿಂದ ಹೆಡ್ಡಿಗೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಪ್ಲಗ್ ಹಾಕಿ, ಸುತ್ತ ಸಾಬೂನು ನೀರು ಬಿಟ್ಟು ಕಿಕ್ ಹೊಡೆಯಿರಿ ಅಥವಾ ಸ್ಟಾರ್ಟರ್ ತಿರುಗಿಸಿ. ಗುಳ್ಳೆ ಪ್ಲಗ್ಗಿನ ಅಡಿಯಿಂದ ಬಂದರೆ ವಾಷರ್ ನೋಡಿ. ಕಾಲರ್ ಹೊರಗಿನಿಂದ ಬಂದರೆ ಕೌಂಟರ್‌ಬೋರ್ ತಳ ಸಮ ಇಲ್ಲ ಅಂತ ಅರ್ಥ, ಬುಶ್ ಬಿಚ್ಚಿ ಅದನ್ನೇ ಸರಿ ಮಾಡಬೇಕು. ಗುಳ್ಳೆ ಇಲ್ಲದಿದ್ದರೆ ನೀರು ಒರೆಸಿ ಎಂಜಿನ್ ಪೂರ್ತಿ ಬಿಸಿ ಆಗಲು ಬಿಡಿ, ಪೂರ್ತಿ ತಣ್ಣಗಾಗಲಿ, ಆಮೇಲೆ ಪ್ಲಗ್ ಒಮ್ಮೆ ಬಿಚ್ಚಿ. ಬಿಚ್ಚಿದಾಗ ಕಾಲರ್ ಮೇಲಿನ ಗೆರೆ ಹೆಡ್ಡಿನ ಗೆರೆಗೆ ಎದುರೇ ನಿಂತಿರಬೇಕು. ಸರಿದಿದ್ದರೆ ಬುಶ್ಶನ್ನು ಪೂರ್ತಿ ತೆಗೆದು, ತೊಳೆದು, ಹೊಸ ಲಾಕರ್ ಹಚ್ಚಿ, ಈ ಸಲ ಅಂಚಿಗೆ ಆರು ಏಟು ಕೊಡಿ.